ದೂರದ ಯುದ್ಧದಲ್ಲಿ ನೊಂದವರಿಗಾಗಿ: ಫ್ಲಾರೆನ್ಸ್ ನೈಟಿಂಗೇಲಳ ಚರಿತ್ರೆ

ಕಣ್ಣೆದುರಿನಲ್ಲಿ ನರಳುವವರನ್ನು ಕಂಡು ಮರುಗುವುದು ಮನುಷ್ಯರಿಗೆಲ್ಲ ಸಹಜವಾದ ಗುಣವು. ಆದರೆ ಸಮುದ್ರಗಳ ಆಚೆಯಲ್ಲಿ, ನಾವು ಹೆಸರನ್ನೂ ಕೇಳದ ಊರುಗಳಲ್ಲಿ, ಯುದ್ಧದ ದೆಸೆಯಿಂದ ಮನೆಮಠಗಳನ್ನು ಕಳೆದುಕೊಂಡು ಗೋಳಿಡುವವರಿಗಾಗಿ ಹೃದಯವು ಕರಗಬೇಕಾದರೆ ಅದಕ್ಕೆ ಅಭ್ಯಾಸವು ಬೇಕು. ಪ್ರಾರ್ಥನೆಯು ಆ ಅಭ್ಯಾಸಗಳಲ್ಲಿ ಮೊದಲನೆಯದು. ಆದಕಾರಣವೇ ನಮ್ಮ ಶಾಲೆಯ ಬೆಳಗಿನ ಆರಾಧನೆಯಲ್ಲಿ ದೂರದೇಶಗಳ ಯುದ್ಧಪೀಡಿತರನ್ನು ನೆನೆಯುವ ಪದ್ಧತಿಯನ್ನು ನಾವು ಇಟ್ಟುಕೊಂಡಿದ್ದೇವೆ. ಮೇಲಿನ ತರಗತಿಗಳ ಬಾಲಿಕೆಯರಲ್ಲಿ ಕೆಲವರು, ಇಲ್ಲಿ ನಾವು ಕಣ್ಣು ಮುಚ್ಚಿ ಕೈಜೋಡಿಸಿದ ಮಾತ್ರಕ್ಕೆ ಅಲ್ಲಿ ಗಾಯಪಟ್ಟು ಬಿದ್ದವನಿಗೆ ಆಗುವ ಪ್ರಯೋಜನವೇನು ಎಂದು ಕೇಳುವುದುಂಟು. ಈ ಪ್ರಶ್ನೆಯನ್ನು ಉದ್ಧಟತನವೆಂದು ನಾವು ಎಣಿಸುವುದಿಲ್ಲ. ಯೋಚನೆ ಮಾಡುವ ಮನಸ್ಸಿನಲ್ಲಿ ಅದು ಹುಟ್ಟಲೇಬೇಕು. ಅದಕ್ಕೆ ತರ್ಕದಿಂದ ಉತ್ತರ ಕೊಡುವುದಕ್ಕಿಂತ, ಇದೇ ಪ್ರಶ್ನೆಯನ್ನು ತನ್ನ ಬಾಳಿನಲ್ಲೆಲ್ಲ ಹೊತ್ತು ನಡೆದ ಒಬ್ಬ ಮಹಾಸ್ತ್ರೀಯ ಚರಿತ್ರೆಯನ್ನು ಹೇಳುವುದು ಲೇಸೆಂದು ನಾವು ತಿಳಿಯುತ್ತೇವೆ.

ಫ್ಲಾರೆನ್ಸ್ ನೈಟಿಂಗೇಲಳು 1820ನೆಯ ಇಸವಿ ಮೇ ತಿಂಗಳು 12ನೆಯ ತಾರೀಖಿನಲ್ಲಿ ಇಟಲಿ ದೇಶದ ಫ್ಲಾರೆನ್ಸ್ ಪಟ್ಟಣದಲ್ಲಿ ಜನಿಸಿದಳು. ತಂದೆತಾಯಿಗಳು ಇಂಗ್ಲೆಂಡಿನ ಧನಿಕ ಮನೆತನದವರು. ಅವರು ದೇಶಸಂಚಾರದಲ್ಲಿದ್ದಾಗ ಮಗುವು ಹುಟ್ಟಿದ್ದರಿಂದ ಆ ಊರಿನ ಹೆಸರನ್ನೇ ಅದಕ್ಕೆ ಇಟ್ಟರು. ಒಂದು ವರ್ಷ ಹಿರಿಯಳಾದ ಅಕ್ಕನ ಹೆಸರು ಪಾರ್ಥೆನೋಪಿ. ತಂದೆಯಾದ ವಿಲಿಯಂ ನೈಟಿಂಗೇಲನು ವಿದ್ಯಾವಂತನು. ಹೆಣ್ಣುಮಕ್ಕಳಿಗೆ ಹೊಲಿಗೆ, ಸಂಗೀತ ಇಷ್ಟು ಸಾಕೆಂದು ಜನರು ಎಣಿಸುತ್ತಿದ್ದ ಆ ಕಾಲದಲ್ಲಿ ಅವನು ತನ್ನ ಪುತ್ರಿಯರಿಗೆ ತಾನೇ ಕುಳಿತು ಗ್ರೀಕ್, ಲ್ಯಾಟಿನ್ ಮೊದಲಾದ ಭಾಷೆಗಳನ್ನೂ ಇತಿಹಾಸ ತತ್ತ್ವಶಾಸ್ತ್ರಗಳನ್ನೂ ಕಲಿಸಿದನು. ಕಿರಿಯಳಾದ ಫ್ಲಾರೆನ್ಸಳಿಗೆ ಗಣಿತದಲ್ಲಿ ವಿಶೇಷ ಆಸಕ್ತಿ. ಲೆಕ್ಕವೆಂದರೆ ಬೇಸರಪಡುವ ನಮ್ಮ ಬಾಲಿಕೆಯರು ಈ ಸಂಗತಿಯನ್ನು ನೆನಪಿನಲ್ಲಿಡಲಿ. ಮುಂದೆ ಸಾವಿರಾರು ಪ್ರಾಣಗಳು ಉಳಿದದ್ದು ಆ ಲೆಕ್ಕದ ಬಲದಿಂದಲೂ ಹೌದು.

1837ನೆಯ ಇಸವಿ ಫೆಬ್ರವರಿ 7ನೆಯ ತಾರೀಖಿನ ದಿವಸ, ಹದಿನೇಳು ವರ್ಷ ಇನ್ನೂ ತುಂಬದ ಆ ಕನ್ಯೆಗೆ, ದೇವರು ತನ್ನನ್ನು ತನ್ನ ಸೇವೆಗೆ ಕರೆದನೆಂಬ ಅನುಭವವಾಯಿತು. ಆದರೆ ಸೇವೆಯು ಯಾವುದೆಂಬುದು ತಿಳಿಯಲಿಲ್ಲ. ಕರೆಯು ಬಂದ ಮಾತ್ರಕ್ಕೆ ದಾರಿಯು ತೆರೆಯುವುದಿಲ್ಲವೆಂಬುದಕ್ಕೆ ಈಕೆಯ ಯೌವನವೇ ಸಾಕ್ಷಿ. ಸಿರಿವಂತರ ಮನೆಯ ಔತಣಗಳು, ಅತಿಥಿಗಳು, ಉಡುಗೆತೊಡುಗೆಗಳು ಇವುಗಳ ನಡುವೆ ಆಕೆಯು ನೆರೆಯ ಹಳ್ಳಿಯ ಬಡರೋಗಿಗಳ ಗುಡಿಸಲುಗಳಿಗೆ ಹೋಗಿಬರುತ್ತ, ರೋಗಿಗಳ ಶುಶ್ರೂಷೆಯೇ ತನಗೆ ನೇಮಕವಾದ ಕೆಲಸವೆಂದು ಕ್ರಮೇಣ ಕಂಡುಕೊಂಡಳು. ಮನೆಯವರಿಗೆ ಇದು ಸಿಡಿಲಿನಂತೆ ತೋರಿತು. ಆ ಕಾಲದ ಆಸ್ಪತ್ರೆಗಳು ದುರ್ವಾಸನೆಯಿಂದ ತುಂಬಿದ್ದವು. ಅಲ್ಲಿನ ದಾದಿಯರಲ್ಲಿ ಅನೇಕರು ಶಿಕ್ಷಣವಿಲ್ಲದವರು, ಮದ್ಯಪಾನಕ್ಕೆ ಹೆಸರಾದವರು. ಕುಲೀನಳಾದ ಕನ್ಯೆಯು ಅಲ್ಲಿಗೆ ಕಾಲಿಡುವುದನ್ನು ತಾಯಿಯೂ ಅಕ್ಕನೂ ಸಹಿಸಲಾರದೆ ಹೋದರು.

ಹೀಗೆ ಹದಿನಾಲ್ಕು ವರ್ಷಗಳು ಕಳೆದವು. ಯೋಗ್ಯನಾದ ವರನು ಬಂದಾಗಲೂ ಬಹಳ ದಿನ ಯೋಚಿಸಿ ಒಲ್ಲೆನೆಂದಳು. ಮನೆಯವರು ಏಳುವುದಕ್ಕೆ ಮುಂಚೆಯೇ ಎದ್ದು, ಆಸ್ಪತ್ರೆಗಳ ವರದಿಗಳನ್ನು ತರಿಸಿಕೊಂಡು, ದೀಪದ ಬೆಳಕಿನಲ್ಲಿ ಓದಿ ಟಿಪ್ಪಣಿ ಬರೆದಿಡುತ್ತಿದ್ದಳು. ಕಡೆಗೆ 1851ರಲ್ಲಿ ಜರ್ಮನಿ ದೇಶದ ರೈನ್ ನದಿಯ ದಡದಲ್ಲಿರುವ ಕೈಸರ್ಸ್‌ವರ್ಟ್ ಎಂಬ ಊರಿಗೆ ಹೋಗಲು ಆಕೆಗೆ ಅಪ್ಪಣೆ ದೊರೆಯಿತು. ಅಲ್ಲಿ ಥಿಯೋಡೋರ್ ಫ್ಲೀಡ್ನರ್ ಎಂಬ ಪ್ರೊಟೆಸ್ಟೆಂಟ್ ಬೋಧಕನು ತನ್ನ ಪತ್ನಿಯೊಡನೆ 1836ರಲ್ಲಿ ಸ್ಥಾಪಿಸಿದ ಸೇವಕಿಯರ ಸಂಘವಿತ್ತು. ಹಳ್ಳಿಯ ಸಾಮಾನ್ಯ ಹೆಣ್ಣುಮಕ್ಕಳು ಅಲ್ಲಿ ಪ್ರಾರ್ಥನೆಯಿಂದ ದಿನವನ್ನು ಆರಂಭಿಸಿ, ರೋಗಿಗಳನ್ನೂ ಅನಾಥರನ್ನೂ ನೋಡಿಕೊಳ್ಳುತ್ತಿದ್ದರು. ಮೂರು ತಿಂಗಳು ಅವರ ಸಂಗಡ ಗಂಜಿಯಂಥ ಸಾದಾ ಊಟವನ್ನುಂಡು ಆಕೆಯು ದುಡಿದಳು. ಪ್ರಾರ್ಥನೆಯೂ ಪರಿಶ್ರಮವೂ ಒಂದೇ ಸೂರಿನ ಕೆಳಗೆ ಅಕ್ಕತಂಗಿಯರಂತೆ ಇರಬಲ್ಲವೆಂಬುದನ್ನು ಅಲ್ಲಿ ಕಂಡಳು. 1853ರಲ್ಲಿ ಲಂಡನ್ನಿನ ಹಾರ್ಲೆ ಬೀದಿಯ ಒಂದು ಸಣ್ಣ ಸ್ತ್ರೀಚಿಕಿತ್ಸಾಲಯದ ಆಡಳಿತವು ಆಕೆಯ ಕೈಗೆ ಬಂದಿತು.

ಇಷ್ಟರಲ್ಲಿ ಯುರೋಪಿನ ಪೂರ್ವಭಾಗದಲ್ಲಿ ಯುದ್ಧವು ಹೊತ್ತಿಕೊಂಡಿತು. ಪ್ಯಾಲೆಸ್ಟೈನಿನ ಪುಣ್ಯಸ್ಥಳಗಳ ಮೇಲೆ ಯಾವ ಕ್ರೈಸ್ತಪಂಗಡಕ್ಕೆ ಎಷ್ಟು ಅಧಿಕಾರವೆಂಬ ಜಗಳವು ರಷ್ಯ ಮತ್ತು ತುರ್ಕಿ ರಾಜ್ಯಗಳ ನಡುವಣ ವೈರಕ್ಕೆ ಒಂದು ನೆಪವಾಯಿತು. 1853ರಲ್ಲಿ ಆ ಎರಡು ರಾಜ್ಯಗಳು ಕಾದಾಟಕ್ಕೆ ತೊಡಗಿದವು. 1854ರ ಮಾರ್ಚ್ ತಿಂಗಳಲ್ಲಿ ಇಂಗ್ಲೆಂಡೂ ಫ್ರಾನ್ಸೂ ತುರ್ಕಿಯ ಪಕ್ಷವನ್ನು ವಹಿಸಿದವು. ಅದೇ ವರ್ಷದ ಏಪ್ರಿಲ್ 26ನೆಯ ತಾರೀಖು ಬುಧವಾರ ಇಂಗ್ಲೆಂಡಿನಲ್ಲಿ ಉಪವಾಸಪ್ರಾರ್ಥನೆಯ ದಿನವೆಂದು ರಾಣಿ ವಿಕ್ಟೋರಿಯಳ ಹೆಸರಿನಲ್ಲಿ ಸಾರಲಾಯಿತು. ಜನರು ದೇವಾಲಯಗಳಲ್ಲಿ ನೆರೆದು ಮೊಣಕಾಲೂರಿ ಪ್ರಾರ್ಥಿಸಿದರು. ರಷ್ಯದ ದೇವಾಲಯಗಳಲ್ಲಿಯೂ ಅದೇ ದೇವರಿಗೆ ಪ್ರಾರ್ಥನೆಗಳು ಏರುತ್ತಿದ್ದವು. ಎರಡು ಕಡೆಯ ತಾಯಂದಿರ ಕಣ್ಣೀರನ್ನೂ ಒಬ್ಬನೇ ತಂದೆಯು ನೋಡುತ್ತಿದ್ದನೆಂಬುದನ್ನು ನೆನೆದರೆ ಎದೆಯು ಭಾರವಾಗುವುದು.

ಸೆಪ್ಟೆಂಬರಿನಲ್ಲಿ ಮಿತ್ರಸೈನ್ಯಗಳು ಕ್ರಿಮಿಯಾ ದ್ವೀಪಕಲ್ಪದಲ್ಲಿ ಇಳಿದವು. 20ನೆಯ ತಾರೀಖಿನ ಆಲ್ಮಾ ಯುದ್ಧದಲ್ಲಿ ಅವರಿಗೆ ಜಯವೇನೋ ದೊರೆಯಿತು. ಆದರೆ ಗಾಯಾಳುಗಳನ್ನೂ ಕಾಲರಾ ರೋಗಿಗಳನ್ನೂ ಹಡಗುಗಳಲ್ಲಿ ತುಂಬಿ ಕಪ್ಪು ಸಮುದ್ರವನ್ನು ದಾಟಿಸಿ, ಕಾನ್‌ಸ್ಟಾಂಟಿನೋಪಲ್ ಪಟ್ಟಣದ ಎದುರು ದಡದಲ್ಲಿದ್ದ ಸ್ಕುಟಾರಿಯ ಆಸ್ಪತ್ರೆಗೆ ತಂದಾಗ, ಅಲ್ಲಿ ಸಾಕಷ್ಟು ವೈದ್ಯರಿರಲಿಲ್ಲ, ದಾದಿಯರಿರಲಿಲ್ಲ, ಗಾಯಕ್ಕೆ ಕಟ್ಟುವ ಬಟ್ಟೆಗೂ ಅಭಾವವಾಗಿತ್ತು. ಟೈಮ್ಸ್ ಪತ್ರಿಕೆಯ ಬಾತ್ಮೀದಾರರು ಈ ಸ್ಥಿತಿಯನ್ನು ಮುಚ್ಚುಮರೆಯಿಲ್ಲದೆ ಬರೆದು ಕಳುಹಿಸಿದರು. ಆಗ ಇಂಗ್ಲೆಂಡಿನ ಜನರಿಗೆ ತಾವು ಯಾರಿಗಾಗಿ ಪ್ರಾರ್ಥಿಸುತ್ತಿದ್ದೇವೆಂಬುದು ಕಣ್ಣಿಗೆ ಕಟ್ಟಿದಂತಾಯಿತು. ಅಲ್ಲಿಯವರೆಗೆ ಸೈನ್ಯವೆಂಬುದು ಅವರಿಗೆ ಒಂದು ಪದವಾಗಿತ್ತು. ಈಗ ಅದು ನೆಲದ ಮೇಲೆ ಹಾಸಿಗೆಯಿಲ್ಲದೆ ಮಲಗಿ ನೀರಿಗಾಗಿ ಬಾಯಿಬಿಡುವ ಮಗನೂ ಅಣ್ಣನೂ ಆಯಿತು.

ಈ ವರ್ತಮಾನವನ್ನು ಓದಿದ ಫ್ಲಾರೆನ್ಸಳು ಸುಮ್ಮನಿರಲಾರದೆ ಅಕ್ಟೋಬರ್ 14ರಂದು, ಯುದ್ಧಕಾರ್ಯದರ್ಶಿಯಾದ ಸಿಡ್ನಿ ಹರ್ಬರ್ಟನ ಪತ್ನಿಗೆ ತಾನು ಹೋಗಲು ಸಿದ್ಧಳೆಂದು ಬರೆದಳು. ಮರುದಿನವೇ ಹರ್ಬರ್ಟನು, ಈ ಕಾರ್ಯವನ್ನು ವಹಿಸಿಕೊಳ್ಳಬೇಕೆಂದು ಆಕೆಯನ್ನು ಬೇಡಿಕೊಂಡು ಪತ್ರ ಬರೆದನು. ಎರಡು ಪತ್ರಗಳೂ ದಾರಿಯಲ್ಲಿ ಒಂದನ್ನೊಂದು ದಾಟಿಹೋದವು. ಇದನ್ನು ಕಾಕತಾಳೀಯವೆನ್ನುವವರು ಎನ್ನಲಿ. ದೈವಸಂಕಲ್ಪವೆಂದು ನಾವು ನಂಬುತ್ತೇವೆ. ಅಕ್ಟೋಬರ್ 21ರಂದು ಆಕೆಯು 38 ಮಂದಿ ಸ್ತ್ರೀಯರೊಡನೆ ಹೊರಟಳು. ಅವರಲ್ಲಿ ರೋಮನ್ ಕಥೋಲಿಕ ಕನ್ಯಾಸ್ತ್ರೀಯರು ಹತ್ತು ಮಂದಿ, ಆಂಗ್ಲಿಕನ್ ಸಹೋದರಿಯರು ಕೆಲವರು, ಸಂಬಳಕ್ಕೆ ದುಡಿಯುವ ದಾದಿಯರು ಕೆಲವರು. ಮತಪಂಗಡಗಳ ಮನಸ್ತಾಪವು ಬಲವಾಗಿದ್ದ ಆ ದಿನಗಳಲ್ಲಿ ಇವರೆಲ್ಲರೂ ಒಂದೇ ಹಡಗಿನಲ್ಲಿ ಕುಳಿತದ್ದೇ ದೊಡ್ಡ ಸಂಗತಿ.

ನವೆಂಬರ್ 4ರಂದು ಅವರು ಸ್ಕುಟಾರಿಯನ್ನು ತಲಪಿದರು. ಅಲ್ಲಿನ ವೈದ್ಯಾಧಿಕಾರಿಗಳು ಇವರನ್ನು ಸ್ವಾಗತಿಸಲಿಲ್ಲ. ಹೆಂಗಸರಿಂದ ಶಿಸ್ತು ಕೆಡುವುದೆಂದು ಭಾವಿಸಿದರು. ಫ್ಲಾರೆನ್ಸಳು ಅವರೊಡನೆ ವಾದಕ್ಕೆ ನಿಲ್ಲಲಿಲ್ಲ. ವೈದ್ಯರ ಅಪ್ಪಣೆಯಿಲ್ಲದೆ ಯಾವ ದಾದಿಯೂ ರೋಗಿಗಳ ಬಳಿಗೆ ಹೋಗಕೂಡದೆಂದು ಕಟ್ಟುಮಾಡಿ, ತನ್ನವರನ್ನು ದಿಂಬು ಹೊಲಿಯುವುದಕ್ಕೂ ಬಟ್ಟೆಯ ಪಟ್ಟಿಗಳನ್ನು ಸಿದ್ಧಪಡಿಸುವುದಕ್ಕೂ ಕೂರಿಸಿದಳು. ನವೆಂಬರ್ 5ರ ಇಂಕರ್ಮನ್ ಯುದ್ಧದ ಗಾಯಾಳುಗಳು ಹಡಗುಹಡಗುಗಳಾಗಿ ಬಂದಿಳಿದಾಗ ವೈದ್ಯರು ತಾವಾಗಿಯೇ ಇವರನ್ನು ಕರೆದರು. ಆಕೆಯು ಮೊದಲು ತರಿಸಿದ ಸಾಮಾನುಗಳಲ್ಲಿ ನೆಲ ತಿಕ್ಕುವ ಬ್ರಷುಗಳೂ ಇದ್ದವು. ಆಮೇಲೆ ಬಟ್ಟೆ ಒಗೆಯಲು ಕಾಯಿಸಿದ ನೀರಿನ ಏರ್ಪಾಡಾಯಿತು. ರೋಗಿಗಳಿಗೆ ತಕ್ಕ ಪಥ್ಯದ ಅಡಿಗೆಗೆ ಬೇರೆ ಒಲೆಗಳು ಬಂದವು. ಪತ್ರಿಕೆಯ ಓದುಗರು ಕೂಡಿಸಿದ ನಿಧಿಯಿಂದ ಅಂಗಿ, ಹೊದಿಕೆ, ತಟ್ಟೆ, ಚಮಚಗಳು ಬಂದವು.

ಹಗಲಿನ ಕೆಲಸವೆಲ್ಲ ಮುಗಿದ ಮೇಲೆ ಆಕೆಯು ಒಂದು ತುರ್ಕಿ ಕಂದೀಲನ್ನು ಹಿಡಿದು, ಸಾಲುಸಾಲಾಗಿ ಹಾಸಿಗೆಗಳಿದ್ದ ಉದ್ದನೆಯ ಪಡಸಾಲೆಗಳಲ್ಲಿ ನಡೆದು ಹೋಗುತ್ತಿದ್ದಳು. ದೀಪಧಾರಿಣಿಯೆಂಬ ಹೆಸರು ಇದರಿಂದಲೇ ಬಂದಿತು. ಇದನ್ನು ಲೋಕವೆಲ್ಲ ಬಲ್ಲದು. ಆದರೆ ಆಕೆಯು ರಾತ್ರಿಯಲ್ಲಿ ಕುಳಿತು ಬರೆದ ಕಾಗದಗಳ ಸಂಗತಿಯನ್ನು ಬಲ್ಲವರು ಕಡಿಮೆ. ಸತ್ತ ಸಿಪಾಯಿಯ ತಾಯಿಗೆ ಅಥವಾ ಹೆಂಡತಿಗೆ, ಅವನು ಕಡೆಯ ಗಳಿಗೆಯಲ್ಲಿ ಹೇಗಿದ್ದನು, ಯಾರನ್ನು ನೆನೆದನು ಎಂಬುದನ್ನು ಬರೆದು ತಿಳಿಸುತ್ತಿದ್ದಳು. ಬದುಕಿದವರ ಸಂಬಳದ ಹಣವು ಮದ್ಯದಂಗಡಿಗೆ ಹೋಗದೆ ಅವರ ಮನೆಗಳಿಗೆ ಸೇರುವಂತೆ ಏರ್ಪಾಡು ಮಾಡಿದಳು. ಅವರಿಗಾಗಿ ಓದುವ ಕೋಣೆಗಳನ್ನು ತೆರೆಯಿಸಿದಳು. ದೂರದಲ್ಲಿರುವವರಿಗಾಗಿ ದೇವರನ್ನು ಬೇಡಿಕೊಂಡ ತಾಯಿಗೆ, ಅವಳ ಮಗನ ಬಳಿಯಲ್ಲಿ ಒಬ್ಬಳಾದರೂ ಕುಳಿತಿದ್ದಳೆಂಬ ವಾರ್ತೆಯೇ ಒಂದು ಉತ್ತರವಾಗಿತ್ತೆಂದು ನಾವು ಎಣಿಸುತ್ತೇವೆ.

ಆದರೂ ಇಷ್ಟೆಲ್ಲ ಪ್ರಯಾಸದ ನಡುವೆ ಮರಣವು ನಿಲ್ಲಲಿಲ್ಲ. ಆ ಚಳಿಗಾಲದಲ್ಲಿ ಸ್ಕುಟಾರಿಯಲ್ಲಿ ಸತ್ತವರು ನಾಲ್ಕು ಸಾವಿರಕ್ಕೂ ಹೆಚ್ಚು. 1855ರ ಫೆಬ್ರವರಿಯಲ್ಲಿ ಸಾವುಗಳು ತುತ್ತತುದಿಗೆ ಏರಿದವು. ಮಾರ್ಚ್ 21ರಂದು ಇಂಗ್ಲೆಂಡಿನಲ್ಲಿ ಮತ್ತೊಂದು ಉಪವಾಸಪ್ರಾರ್ಥನೆಯ ದಿನವು ಆಚರಿಸಲ್ಪಟ್ಟಿತು. ಅದೇ ಮಾರ್ಚ್ ತಿಂಗಳಲ್ಲಿ ಸರ್ಕಾರವು ಕಳುಹಿಸಿದ ಆರೋಗ್ಯ ಸಮಿತಿಯವರು ಸ್ಕುಟಾರಿಗೆ ಬಂದು ನೆಲವನ್ನು ಅಗೆಸಿ ನೋಡಿದರು. ಆಸ್ಪತ್ರೆಯ ಅಡಿಯಲ್ಲಿಯೇ ಚರಂಡಿಗಳು ಕಟ್ಟಿಕೊಂಡು ಕೊಳೆತು ನಾರುತ್ತಿದ್ದವು. ನೀರು ಬರುವ ಕಾಲುವೆಯಲ್ಲಿ ಸತ್ತ ಕುದುರೆಯೊಂದು ಬಿದ್ದಿತ್ತು. ಅವರು ಚರಂಡಿಗಳನ್ನು ತೊಳೆಯಿಸಿ, ಹೊಲಸನ್ನು ಹೊರಿಸಿ, ಗೋಡೆಗಳಿಗೆ ಸುಣ್ಣ ಬಳಿಸಿ, ಗಾಳಿಗೆ ದಾರಿ ಮಾಡಿಸಿದರು. ಕೆಲವು ವಾರಗಳಲ್ಲಿಯೇ ಸಾವುಗಳು ಇಳಿಮುಖವಾದವು. ಇಲ್ಲಿ ದೇವಾಲಯದ ಘಂಟೆ, ಅಲ್ಲಿ ಚರಂಡಿಯಗೆಯುವವನ ಗುದ್ದಲಿ. ಇವೆರಡರ ಶಬ್ದವನ್ನು ಒಟ್ಟಿಗೆ ಕೇಳಬಲ್ಲವರೇ ಈ ಚರಿತ್ರೆಯನ್ನು ಸರಿಯಾಗಿ ತಿಳಿದವರು.

ಕರುಣೆಯು ಒಂದೇ ದೇಶದ ಸೊತ್ತಾಗಿರಲಿಲ್ಲವೆಂಬುದನ್ನೂ ಹೇಳಬೇಕು. ಶತ್ರುಪಕ್ಷದ ರಷ್ಯದಲ್ಲಿ ರಾಜಕುಟುಂಬದ ಎಲೆನಾ ಪಾವ್ಲೋವ್ನಾ ಎಂಬಾಕೆಯು 1854ರಲ್ಲಿ ಶಿಲುಬೆಯ ಹೆಸರಿನಲ್ಲಿ ಸಹೋದರಿಯರ ಸಂಘವೊಂದನ್ನು ಸ್ಥಾಪಿಸಿದಳು. ಅವರು ಪಿರೊಗೋವ್ ಎಂಬ ಪ್ರಸಿದ್ಧ ಶಸ್ತ್ರವೈದ್ಯನ ಕೈಕೆಳಗೆ ಸೆವಾಸ್ತೊಪೋಲಿನಲ್ಲಿ ಗಾಯಾಳುಗಳ ಸೇವೆ ಮಾಡಿದರು. ಜಮೈಕಾ ದ್ವೀಪದ ಮೇರಿ ಸೀಕೋಲ್ ಎಂಬ ಶ್ಯಾಮಲವರ್ಣದ ಸ್ತ್ರೀಯು, ಸರ್ಕಾರದವರು ತನ್ನನ್ನು ಸೇರಿಸಿಕೊಳ್ಳದೆ ಹೋದಾಗ, ಸ್ವಂತ ಖರ್ಚಿನಿಂದಲೇ ಹೋಗಿ ಬಾಲಕ್ಲಾವದ ಹತ್ತಿರ ಸಿಪಾಯಿಗಳಿಗೆ ಅನ್ನವನ್ನೂ ಔಷಧಿಯನ್ನೂ ಒದಗಿಸಿದಳು. ಬಹುಕಾಲದವರೆಗೆ ಲೋಕವು ಈಕೆಯನ್ನು ಮರೆತಿತ್ತು. ಫ್ಲಾರೆನ್ಸಳ ಕೀರ್ತಿಯನ್ನು ಹೇಳುವಾಗ ಈ ಸಹೋದರಿಯರನ್ನೂ ನೆನೆಯುವುದು ನ್ಯಾಯವು.

1855ರ ಮೇ ತಿಂಗಳಲ್ಲಿ ಫ್ಲಾರೆನ್ಸಳು ಕ್ರಿಮಿಯಾಕ್ಕೆ ಹೋಗಿ ಅಲ್ಲಿ ವಿಷಮಜ್ವರಕ್ಕೆ ಸಿಕ್ಕಿ ಸಾವಿನ ಬಾಗಿಲವರೆಗೆ ಹೋಗಿಬಂದಳು. 1856ರ ಮಾರ್ಚ್ 30ರಂದು ಸಂಧಿಯಾಯಿತು. ಕಡೆಯ ರೋಗಿಗಳೂ ಹೊರಟುಹೋದ ಮೇಲೆ, ಆಗಸ್ಟ್ ತಿಂಗಳಲ್ಲಿ ಯಾವ ಮೆರವಣಿಗೆಗೂ ಅವಕಾಶ ಕೊಡದೆ ಸದ್ದಿಲ್ಲದೆ ಮನೆಗೆ ಬಂದು ಸೇರಿದಳು. ಆಕೆಯ ದೊಡ್ಡ ಕೆಲಸವು ಆಗಲೇ ಆರಂಭವಾಯಿತೆಂದರೆ ತಪ್ಪಲ್ಲ. ವಿಲಿಯಂ ಫಾರ್ ಎಂಬ ಅಂಕಿಅಂಶ ಪಂಡಿತನ ಸಹಾಯದಿಂದ ಸತ್ತವರ ಲೆಕ್ಕವನ್ನು ತಿಂಗಳುವಾರಿಯಾಗಿ ಪರಿಶೀಲಿಸಿದಳು. ಆ ಯುದ್ಧದಲ್ಲಿ ಮಡಿದ ಸುಮಾರು 21,000 ಬ್ರಿಟಿಷ್ ಸೈನಿಕರಲ್ಲಿ ಸುಮಾರು 16,000 ಮಂದಿ ಶತ್ರುವಿನ ಗುಂಡಿನಿಂದ ಸತ್ತವರಲ್ಲ, ರೋಗದಿಂದ ಸತ್ತವರು. ಅನ್ನವಸ್ತ್ರಗಳ ಕೊರತೆಯೇ ಮುಖ್ಯ ಕಾರಣವೆಂದು ಮೊದಲು ಎಣಿಸಿದ್ದ ಆಕೆಗೆ, ಕೊಳಕು ನೀರೂ ಕೆಟ್ಟ ಗಾಳಿಯೂ ಇಕ್ಕಟ್ಟೂ ಎಷ್ಟು ಜನರನ್ನು ಕೊಂದವೆಂಬುದು ಈ ಲೆಕ್ಕದಿಂದ ತಿಳಿದುಬಂದಿತು. ತಡೆಯಬಹುದಾಗಿದ್ದ ಸಾವುಗಳನ್ನು ನೀಲಿಬಣ್ಣದಿಂದಲೂ ಗಾಯದ ಸಾವುಗಳನ್ನು ಕೆಂಪುಬಣ್ಣದಿಂದಲೂ ಗುರುತಿಸಿ ಚಿತ್ರಗಳನ್ನು ಬರೆಯಿಸಿದಳು. ಆ ನೀಲಿಯ ಹರವನ್ನು ನೋಡಿದ ಅಧಿಕಾರಿಗಳಿಗೆ ತಪ್ಪಿಸಿಕೊಳ್ಳಲು ದಾರಿಯಿಲ್ಲದೆ ಹೋಯಿತು.

ಪ್ರಾರ್ಥನೆಯ ವಿಷಯದಲ್ಲಿ ಆಕೆಯ ಅಭಿಪ್ರಾಯವು ಖಂಡಿತವಾದದ್ದು. 1860ರಲ್ಲಿ ಖಾಸಗಿಯಾಗಿ ಅಚ್ಚುಹಾಕಿಸಿದ ಒಂದು ದೊಡ್ಡ ಗ್ರಂಥದಲ್ಲಿ ಆಕೆಯು ಇದನ್ನು ಚರ್ಚಿಸಿದ್ದಾಳೆ. ದೇವರು ಲೋಕವನ್ನು ಬದಲಾಗದ ನಿಯಮಗಳಿಂದ ಆಳುತ್ತಾನೆ. ಪಟ್ಟಣದ ಹೊಲಸನ್ನು ಕುಡಿಯುವ ನೀರಿಗೆ ಹರಿಯಬಿಟ್ಟು, ವ್ಯಾಧಿಯಿಂದ ನಮ್ಮನ್ನು ಬಿಡಿಸೆಂದು ಬೇಡುವುದು ವ್ಯರ್ಥವು. ಆ ನಿಯಮಗಳನ್ನು ಕಲಿತು ಅವುಗಳಂತೆ ನಡೆಯುವುದೇ ದೇವರ ಚಿತ್ತಕ್ಕೆ ಒಳಪಡುವ ರೀತಿ ಎಂಬುದು ಆಕೆಯ ಮತ. ಕೆಲವು ಭಕ್ತರಿಗೆ ಇದು ಕಟುವಾಗಿ ತೋರುವುದು. ನಾವು ಕೂಡ ಪೂರ್ತಿಯಾಗಿ ಒಪ್ಪಲಾರೆವು. ಮಗುವು ತಾಯಿಯನ್ನು ಬೇಡುವಂತೆ ದೇವರನ್ನು ಬೇಡುವುದು ನಮಗೆ ಕೊಡಲ್ಪಟ್ಟ ಹಕ್ಕೆಂದು ನಾವು ನಂಬುತ್ತೇವೆ. ಆದರೆ ಈಕೆಯು ಪ್ರಾರ್ಥನೆಯನ್ನು ಬಿಟ್ಟವಳಲ್ಲವೆಂಬುದನ್ನು ಮರೆಯಬಾರದು. ಕಾಯಿಲೆಯಿಂದ ಕೋಣೆಯಲ್ಲಿಯೇ ಕಳೆದ ದೀರ್ಘ ವರ್ಷಗಳಲ್ಲಿ ಆಕೆಯು ದೇವರೊಡನೆ ಮಾತಾಡಿದಂತೆ ಬರೆದಿಟ್ಟ ಕಾಗದಗಳು ಅನೇಕವಿವೆ. ಸ್ಕುಟಾರಿಯಲ್ಲಿ ಮಣ್ಣುಪಾಲಾದ ತನ್ನ ಸಿಪಾಯಿಗಳನ್ನು ಆಕೆಯು ಕಡೆಯವರೆಗೂ ಮರೆಯಲಿಲ್ಲ. ಆ ನೆನಪೇ ಪ್ರಾರ್ಥನೆಯಾಯಿತು, ಆ ಪ್ರಾರ್ಥನೆಯೇ ಲೆಕ್ಕವಾಯಿತು, ಲೆಕ್ಕವೇ ಕಾನೂನಾಯಿತು.

ನಮ್ಮ ದೇಶಕ್ಕೂ ಈಕೆಗೂ ಸಂಬಂಧವುಂಟು. ಭಾರತವನ್ನು ಕಣ್ಣಾರೆ ನೋಡದಿದ್ದರೂ, 1859ರಲ್ಲಿ ನೇಮಕವಾದ ಭಾರತದ ಸೈನ್ಯದ ಆರೋಗ್ಯ ಸಮಿತಿಗಾಗಿ ಇಲ್ಲಿಯ ದಂಡಿನ ಠಾಣ್ಯಗಳಿಗೆಲ್ಲ ಪ್ರಶ್ನೆಗಳನ್ನು ಕಳುಹಿಸಿ, ಬಂದ ಉತ್ತರಗಳ ರಾಶಿಯನ್ನು ಹಾಸಿಗೆಯ ಮೇಲೆಯೇ ಹರಡಿಕೊಂಡು ಓದಿದಳು. ಬೆಂಗಳೂರಿನ ಹಲಸೂರು ಕೆರೆಗೆ ಪೇಟೆಯ ಕೊಳೆಯು ಹರಿದುಬರುತ್ತಿದ್ದ ಸಂಗತಿಯು ಲಂಡನ್ನಿನ ಆ ಕೋಣೆಗೂ ಮುಟ್ಟಿತು. ಭಾರತದಲ್ಲಿದ್ದ ಬ್ರಿಟಿಷ್ ಸೈನಿಕರಲ್ಲಿ ವರ್ಷಕ್ಕೆ ಸಾವಿರಕ್ಕೆ 69 ಮಂದಿ ಸಾಯುತ್ತಿದ್ದರೆಂದು 1863ರ ವರದಿಯು ತೋರಿಸಿತು. ಹತ್ತು ವರ್ಷಗಳ ಮೇಲೆ ಅದು 18ಕ್ಕೆ ಇಳಿದಿತ್ತೆಂದು ಆಕೆಯು ಬರೆದಳು. ಸೈನಿಕರಿಂದ ಆಕೆಯ ಲಕ್ಷ್ಯವು ರೈತರ ಕಡೆಗೆ ತಿರುಗಿತು. 1876ರಿಂದ 1878ರವರೆಗೆ ಮೈಸೂರು, ಬಳ್ಳಾರಿ, ಮದರಾಸು ಸೀಮೆಗಳನ್ನು ಸುಟ್ಟ ಮಹಾಕ್ಷಾಮದ ಕಾಲದಲ್ಲಿ, ರೈತರ ಸಾಲದ ಹೊರೆಯನ್ನೂ ನೀರಾವರಿಯ ಅಗತ್ಯವನ್ನೂ ಕುರಿತು ಆಂಗ್ಲೇಯರ ಮನಸ್ಸಿಗೆ ನಾಟುವಂತೆ ಬರೆದಳು. ನಮ್ಮ ಪೂರ್ವಿಕರು ಅನ್ನವಿಲ್ಲದೆ ಬಳಲುತ್ತಿದ್ದಾಗ ಅವರಿಗಾಗಿ ನೊಂದ ದೂರದೇಶದವರಲ್ಲಿ ಈಕೆಯೂ ಒಬ್ಬಳು. ಹೀಗಿರುವಲ್ಲಿ ದೂರದವರಿಗಾಗಿ ಪ್ರಾರ್ಥಿಸುವ ಋಣವು ನಮ್ಮ ಮೇಲೂ ಇದೆ.

ಜನರು ಆಕೆಯ ಗೌರವಾರ್ಥವಾಗಿ ಕೂಡಿಸಿದ ನಿಧಿಯಿಂದ 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ದಾದಿಯರ ಶಿಕ್ಷಣಶಾಲೆಯು ತೆರೆಯಲ್ಪಟ್ಟಿತು. ಹಿಂದೆ ಹೀನವೆನಿಸಿದ್ದ ವೃತ್ತಿಯು ಮಾನ್ಯವಾಯಿತು. ರೆಡ್‌ಕ್ರಾಸ್ ಸಂಸ್ಥೆಯ ಮೂಲಪುರುಷನಾದ ಹೆನ್ರಿ ಡುನಾಂಟನು 1872ರಲ್ಲಿ ಲಂಡನ್ನಿಗೆ ಬಂದಾಗ, ತನಗೆ ಪ್ರೇರಣೆಯಾದದ್ದು ಈಕೆಯ ಸೇವೆಯೇ ಎಂದು ಎಲ್ಲರೆದುರಿಗೆ ಒಪ್ಪಿಕೊಂಡನು. 1907ರಲ್ಲಿ ಆರ್ಡರ್ ಆಫ್ ಮೆರಿಟ್ ಎಂಬ ಬಿರುದು ಮೊದಲಬಾರಿಗೆ ಒಬ್ಬ ಸ್ತ್ರೀಗೆ, ಅಂದರೆ ಈಕೆಗೆ, ಸಂದಿತು. 1910ರ ಆಗಸ್ಟ್ 13ರಂದು, ತೊಂಬತ್ತು ವರ್ಷ ತುಂಬಿದ ಆಕೆಯು ನಿದ್ರೆಯಲ್ಲಿಯೇ ಪ್ರಭುವಿನ ಬಳಿಗೆ ಸೇರಿದಳು. ವೆಸ್ಟ್‌ಮಿನ್‌ಸ್ಟರ್ ಮಹಾದೇವಾಲಯದಲ್ಲಿ ಸಮಾಧಿಯ ಗೌರವವನ್ನು ಬಂಧುಗಳು ಬೇಡವೆಂದರು. ಈಸ್ಟ್ ವೆಲ್ಲೋ ಎಂಬ ಹಳ್ಳಿಯ ಸಣ್ಣ ದೇವಾಲಯದ ಅಂಗಳದಲ್ಲಿ, ಹೆಸರಿನ ಎರಡು ಮೊದಲಕ್ಷರಗಳೂ ಜನನಮರಣಗಳ ಕಾಲವೂ ಮಾತ್ರ ಕೆತ್ತಿರುವ ಕಲ್ಲಿನ ಕೆಳಗೆ ಆಕೆಯು ವಿಶ್ರಮಿಸುತ್ತಿದ್ದಾಳೆ. ಆಕೆಯ ಜನ್ಮದಿನವಾದ ಮೇ 12 ಅಂತರರಾಷ್ಟ್ರೀಯ ದಾದಿಯರ ದಿನವಾಗಿ ಆಚರಿಸಲ್ಪಡುತ್ತಿದೆ.

ನಮ್ಮ ಪ್ರಿಯ ವಿದ್ಯಾರ್ಥಿನಿಯರೇ, ನಿಮ್ಮ ಪ್ರಶ್ನೆಗೆ ಈ ಚರಿತ್ರೆಯು ಕೊಡುವ ಉತ್ತರವು ಇಷ್ಟೇ. ತಿಳಿಯದವರಿಗಾಗಿ ಮಾಡುವ ಪ್ರಾರ್ಥನೆಯು ಬಾಯಿಮಾತಾಗಿ ಉಳಿಯುವ ಅಪಾಯವಿದೆ. ಆದಕಾರಣ ಯುದ್ಧದ ವರ್ತಮಾನವನ್ನು ಕೇಳಿದಾಗ ಭೂಪಟವನ್ನು ಬಿಡಿಸಿ ಆ ಊರನ್ನು ಹುಡುಕಿರಿ; ಅಲ್ಲಿಯ ಜನರು ಏನನ್ನು ಉಣ್ಣುತ್ತಾರೆ, ಯಾವ ಭಾಷೆಯನ್ನಾಡುತ್ತಾರೆ, ಅವರಿಗೆ ಈಗ ಏನು ಇಲ್ಲವಾಗಿದೆ ಎಂಬುದನ್ನು ತಿಳಿದುಕೊಳ್ಳಿರಿ. ಒಂದು ಪಕ್ಷದ ಮಕ್ಕಳಿಗಾಗಿ ಮಾತ್ರವಲ್ಲ, ಎರಡು ಪಕ್ಷಗಳ ಮಕ್ಕಳಿಗಾಗಿಯೂ ಬೇಡಿಕೊಳ್ಳಿರಿ. ಪ್ರಾರ್ಥಿಸಿದ ಕೈಯಿಂದಲೇ ಹಿಡಿ ಅಕ್ಕಿಯನ್ನೋ ನಾಲ್ಕು ಕಾಸನ್ನೋ ಅವರಿಗಾಗಿ ಎತ್ತಿಡಿರಿ. ನಿಮ್ಮಲ್ಲಿ ಕೆಲವರು ದಾದಿಯರೂ ವೈದ್ಯರೂ ಆಗುವಿರಿ. ಉಳಿದವರು ಗೃಹಿಣಿಯರೂ ಉಪಾಧ್ಯಾಯಿನಿಯರೂ ಆಗುವಿರಿ. ಎಲ್ಲಿದ್ದರೂ ಸರಿ, ದೇವರು ಆ ದೂರದ ನೊಂದವನಿಗೆ ಸಹಾಯವನ್ನು ಕಳುಹಿಸಬೇಕೆಂದು ಬೇಡುವಾಗ, ಕಳುಹಿಸಲ್ಪಡುವವಳು ನೀವೇ ಆಗಬಹುದೆಂಬುದಕ್ಕೆ ಮನಸ್ಸನ್ನು ಸಿದ್ಧವಾಗಿಟ್ಟುಕೊಳ್ಳಿರಿ. ಹಾಗೆ ಸಿದ್ಧವಾದ ಹೃದಯದಿಂದ ಏರುವ ಪ್ರಾರ್ಥನೆಯು ಎಷ್ಟು ದೂರದಲ್ಲಿರುವವರನ್ನಾದರೂ ಮುಟ್ಟುವುದೆಂದು ನಾವು ದೃಢವಾಗಿ ನಂಬಿದ್ದೇವೆ.